ಹತ್ತದ ದೀಪ

ನಾರಿನ್‌ನಲ್ಲಿ ಮೈನಸ್ ಇಪ್ಪತ್ತೊಂಬತ್ತು.
ಹೆರಿಗೆ ಆಸ್ಪತ್ರೆಯ ಹಿಂದುಗಡೆ ನನ್ನ ಹೊಂಡಾ
ರಾತ್ರಿಯಿಡೀ ಒಳದೀಪ ಉರಿಸಿಕೊಂಡು ನಿಂತು
ಬೆಳಗಿನ ಹೊತ್ತಿಗೆ ಸತ್ತಿತ್ತು. ತಪ್ಪು ನನ್ನದೇ.
ಗ್ಲೋವ್ಸು ಹುಡುಕಲು ದೀಪ ಹಾಕಿದವಳು
ಆರಿಸದೆ ಓಡಿದ್ದೆ; ಒಳಗೊಬ್ಬಳು ಕೂಗುತ್ತಿದ್ದಳು.

ಬ್ರೆಡ್ಡಿನ ವ್ಯಾನಿನ ಹುಡುಗ ಎರಡು ತಂತಿ ಕಚ್ಚಿಸಿ
ಜೀವ ಕೊಟ್ಟ. ಕೆಮ್ಮಿತು, ನಡುಗಿತು, ಎದ್ದಿತು.
ಎದ್ದದ್ದೇ ತಡ ಡ್ಯಾಶ್‌ಬೋರ್ಡಿನ ತುಂಬ
ಮದುವೆಮನೆಯ ಸೀರಿಯಲ್ ಸೆಟ್ಟು:
ಹಳದಿ ಎಬಿಎಸ್, ಕೆಂಪು ಸ್ಟೀರಿಂಗು,
ಜಾರುತ್ತಲೇ ಇರುವ ಒಂದು ಪುಟ್ಟ ಕಾರು,
ಪಕ್ಕದಲ್ಲಿ ಜಪಾನೀ ಅಕ್ಷರ ನಾಲ್ಕು.
ಅವನ್ನು ನಾನು ಓದಲಾರೆ.
ಏಳು ವರ್ಷದಿಂದ ಹಾಗೇ ಜೊತೆಗಿದ್ದೇವೆ.

ಹೊಸ ಬ್ಯಾಟರಿ ಹಾಕಿಸಿದೆ. ಆರಲಿಲ್ಲ.
ಆಂಬುಲೆನ್ಸಿನ ತಾಲಂತ್ ಅಂದ,
ತಂತಿ ಕಿತ್ತು ಒಂದು ಟೀ ಕುಡಿಯುವಷ್ಟು ಹೊತ್ತು ಬಿಡಿ.
ಎರಡು ಟೀ ಕುಡಿದೆ.
ಗಡಿಯಾರ ಮಾತ್ರ ಸೊನ್ನೆಗೆ ಹೋಗಿ ಕೂತಿತು.
ನಾದಿನಿ ಅಂದಳು, ಓಡುತ್ತದಲ್ಲ, ನೋಡಬೇಡ ಬಿಡು.
ನೋಡದೆ ಇರುವುದು ನನಗೆ ಬರುವುದಿಲ್ಲ.

ಎಸೆನ್‌ಬೈಯ ಶೆಡ್ಡು ಹಿಟ್ಟಿನ ಗಿರಣಿಯ ಬೆನ್ನಿಗೆ.
ಅವನ ಎಡಗೈಯಲ್ಲಿ ನಾಲ್ಕೇ ಬೆರಳು.
ಸ್ಪ್ಯಾನರ್ ಮುಟ್ಟದೆ ಕೇಳಿದ:
ಎಚ್ಚರ ತಪ್ಪಿ ಎದ್ದವರನ್ನು ನೀವು ಏನು ಕೇಳುತ್ತೀರಿ, ಬೂರುಲ್ ಅಕ್ಕ?
ಹೆಸರು ಕೇಳುತ್ತೇವೆ. ವಾರ ಯಾವುದು. ಇದು ಯಾವ ಊರು.
ಇದಕ್ಕೂ ಅಷ್ಟೇ, ಅಂದ. ನೇರ ಅಂದರೆ ಯಾವುದೆಂದು ಮರೆತಿದೆ.

ಎಡಕ್ಕೆ ಕೊನೆಮುಟ್ಟ ತಿರುಗಿಸು, ಬಲಕ್ಕೆ ಕೊನೆಮುಟ್ಟ,
ನಡುವಿಗೆ ತಂದು ಕೈ ಬಿಡು.
ಈಗ ಹೊಳೆಯಗುಂಟ ನಲವತ್ತರಲ್ಲಿ ಹೋಗು,
ಗಾಲಿಗಳೇ ಹೇಳಿಕೊಡುತ್ತವೆ.
ಹೋದೆವು. ಸೇತುವೆಗೆ ಮುಂಚೆ ಸ್ಟೀರಿಂಗು ಆರಿತು.
ಪಾಪ್ಲರ್ ಸಾಲು ಮುಗಿಯುವಲ್ಲಿ ಜಾರುವ ಕಾರು
ಎಲ್ಲಿಗೋ ತಲುಪಿದಂತೆ ಮಾಯ.
ಎಬಿಎಸ್ ಮಾತ್ರ ಮೊಂಡು. ಹಿಂದಿನ ಎಡಗಾಲಿಯ ಸೆನ್ಸರಿಗೆ
ಕೆಸರೂ ಹಿಮವೂ ಸೇರಿ ಹೆಪ್ಪುಗಟ್ಟಿತ್ತು;
ಫ್ಲಾಸ್ಕಿನ ಬಿಸಿನೀರು ಹೊಯ್ದು ಉಗುರಲ್ಲಿ ಕೆರೆದ.
ಅದೂ ಆರಿತು.

ದುಡ್ಡು ತೆಗೆದೆ. ಅವನು ಕೈ ಚಾಚಲಿಲ್ಲ.
ಕೀಲಿ ಇನ್ನೊಮ್ಮೆ ತಿರುಗಿಸಿ, ಎಂಜಿನ್ ಬೇಡ.
ಹಾಜರಿ ಕೂಗಿದ ಹಾಗೆ ಎಲ್ಲವೂ ಒಮ್ಮೆ ಹತ್ತಿದವು.
ಅವನು ಬೆರಳು ಮಡಿಚಿ ಎಣಿಸಿದ, ಮತ್ತೆ ಎಣಿಸಿದ.
ಒಂದು ಕಡಿಮೆ, ಅಂದ.
ಬೆರಳಿರಬೇಕು ಎಂದುಕೊಂಡೆ, ಪಾಪ.
ಒಂದು ದೀಪ ಹತ್ತಲೇ ಇಲ್ಲ, ಅಕ್ಕ.
ಹತ್ತದಿದ್ದರೆ ಒಳ್ಳೆಯದಲ್ಲವೇ?

ಆಡಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.
ಇಪ್ಪತ್ತಾರು ವರ್ಷ ಈ ಕೈಗಳಲ್ಲಿ
ಚೀರುತ್ತ ಬಂದ ಕೂಸನ್ನು ಒರೆಸಿ, ಸುತ್ತಿ, ಬದಿಗಿಟ್ಟಿದ್ದೇನೆ.
ಓಡಿದ್ದು, ಸುಮ್ಮನೆ ಬಂದ ಕೂಸನ್ನು ಎತ್ತಿಕೊಂಡು.

ಗಾಜು ಬಿಚ್ಚಿದ. ಒಳಗೆ ಅಂಚೆಚೀಟಿಗಿಂತ ಚಿಕ್ಕದಾದ
ಕಪ್ಪು ಟೇಪು. ಕತ್ತರಿಯಲ್ಲಿ ನಾಜೂಕಾಗಿ ಕತ್ತರಿಸಿದ್ದು.
ಕಿತ್ತರೆ, ಅದರ ಹಿಂದೆ ಕೆಂಪಗೆ
ಕೂತ ಮನುಷ್ಯ, ಎದೆಯ ಮುಂದೊಂದು ಉಬ್ಬಿದ ಚೆಂಡು.
ಸ್ಟೀರಿಂಗಿನ ಮುಚ್ಚಳ ಎಬ್ಬಿಸಿದ:
ಗಾಳಿಚೀಲ ಮಡಿಚಿ ಮಲಗಬೇಕಾದ ಜಾಗದಲ್ಲಿ
ಒಂದು ತುಂಡು ಸ್ಪಂಜು, ಯಾರದೋ ಒಂಟಿ ಕಾಲುಚೀಲ.

ಏಳು ಚಳಿಗಾಲ, ಅಟ್‌ಬಾಶಿಯ ಕಣಿವೆ,
ಹಿಂದಿನ ಸೀಟಿನಲ್ಲಿ ಎಷ್ಟು ಬಸುರಿಯರು.

ಚೀಲ ಬಿಷ್ಕೆಕ್‌ನಿಂದ ಬರಬೇಕು, ಎರಡು ತಿಂಗಳ ಸಂಬಳ.
ಅಲ್ಲಿಯವರೆಗೆ ಟೇಪು ಹಾಕಬೇಡ ಎಂದಿದ್ದೇನೆ.
ನಿನ್ನೆ ನಾದಿನಿ ಹತ್ತಿ ಕೂತವಳು
ಇನ್ನೂ ರಿಪೇರಿ ಆಗಿಲ್ಲವೇ, ಎಂದು ಬೆರಳು ತೋರಿಸಿದಳು.
ಆಗಿದೆ, ಅಂದೆ,
ನಿಧಾನವಾಗಿ ಗೇರು ಹಾಕುತ್ತ.